ಅಮ್ಮ, ಈ ಸಲ ಅಡಕತ್ತರಿ ಮುಟ್ಟಬೇಡ

ಸ್ಟಟ್‌ಗಾರ್ಟ್, ಜರ್ಮನಿ
8 ಡಿಸೆಂಬರ್ 2024, ಭಾನುವಾರ

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು. ನಾವು ಮೂವರೂ ಇಲ್ಲಿ ಚೆನ್ನಾಗಿದ್ದೇವೆ. ನೀವೂ ಚೆನ್ನಾಗಿದ್ದೀರಿ ಅಂತ ಗುರುವಾರದವರೆಗೂ ನಂಬಿದ್ದೆ.

ಗುರುವಾರ ಅಪ್ಪನ ಕಾಗದ ಬಂತು. ಅಮ್ಮ, ಹಿತ್ತಲಲ್ಲಿ ಬಿದ್ದು ಬಲಗೈ ಮಣಿಕಟ್ಟು ಮುರಿದು ಹದಿನೈದು ದಿನದ ಮೇಲಾಗಿದೆ, ನನಗೆ ಒಂದು ಮಾತು ಹೇಳಲಿಲ್ಲವಲ್ಲ? ಆಮೇಲೆ ಮೂರು ಸಲ ವಿಡಿಯೋದಲ್ಲಿ ಮಾತಾಡಿದ್ದೇವೆ. ಮೂರು ಸಲವೂ ಫೋನ್ ಹಿಡಿದಿದ್ದು ಪುಟ್ಟಿ. ಬರೀ ನಿನ್ನ ಮುಖ ಕಾಣುತ್ತಿತ್ತು. "ಕೈ ತೋರಿಸಮ್ಮ, ಹೊಸ ಬಳೆ ಹಾಕಿಕೊಂಡೆಯಾ" ಅಂತ ನಾನೇ ಕೇಳಿದ್ದೆ. ಒಲೆ ಮೇಲೆ ಹಾಲಿದೆ ಅಂತ ಎದ್ದು ಹೋದೆ. ಈಗ ಎಲ್ಲ ನೆನಪಾಗುತ್ತಿದೆ. ಅಪ್ಪ, ನೀವು ಬರೆದು ಒಳ್ಳೆಯದು ಮಾಡಿದಿರಿ. ಅಮ್ಮನಿಗೆ ಗೊತ್ತಿಲ್ಲದ ಹಾಗೆ ಬರೆದಿದ್ದೀರಿ ಅಂತ ಗೊತ್ತು. ಆದರೂ ಈ ಕಾಗದ ಅವಳ ಮುಂದೆಯೇ ಓದಿ.

ಮೊದಲು ಕೈ ವಿಷಯ. ನವೆಂಬರ್ 19ಕ್ಕೆ ಪ್ಲಾಸ್ಟರ್ ಹಾಕಿದ್ದು, ಆರು ವಾರ ಅಂದರೆ ಡಿಸೆಂಬರ್ 31. ಅಷ್ಟರವರೆಗೂ ಕೂತಾಗ, ಮಲಗಿದಾಗ ಕೈ ಕೆಳಗೆ ದಿಂಬು ಇರಲಿ. ಕೈ ಎದೆಗಿಂತ ಮೇಲಿದ್ದರೆ ಊತ ಇಳಿಯುತ್ತದೆ. ಬೆರಳು ಮಾತ್ರ ಸುಮ್ನೆ ಇಡಬೇಡ, ಗಂಟೆಗೊಂದು ಸಲ ಮಡಚಿ ಬಿಡಿಸು. ಆ ಕೈಯ ಉಂಗುರ ತೆಗೆದಿದ್ದಾರೆ ತಾನೆ? ಬೆರಳು ನೀಲಿಯಾದರೆ, ಮರಗಟ್ಟಿದರೆ, ನೋವು ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಒಳಗೆ ಕೆರೆಯುತ್ತದೆ ಅಂತ ಊದುಬತ್ತಿ ಕಡ್ಡಿ ತೂರಿಸುತ್ತೀಯಂತೆ. ದಯವಿಟ್ಟು ಬೇಡಮ್ಮ. ಗಾಯವಾದರೆ ಒಳಗೇ ಕೀವಾಗುತ್ತದೆ, ಹೊರಗೆ ಕಾಣುವುದೇ ಇಲ್ಲ.

ಪ್ಲಾಸ್ಟರ್ ಬಿಚ್ಚಿಸಿ ನಾಟಿ ಕಟ್ಟು ಕಟ್ಟಿಸೋಣ ಅಂತ ದೊಡ್ಡಮ್ಮ ದಿನಾ ಬಂದು ಹೇಳುತ್ತಾರಂತೆ. ದೊಡ್ಡಮ್ಮನ ಪ್ರೀತಿ ದೊಡ್ಡದು, ನಾನು ಅವರಿಗೆ ಎದುರು ಮಾತಾಡುವವಳಲ್ಲ. ಆದರೆ ಎಕ್ಸ್‌ರೇ ನೋಡಿ ಕೂರಿಸಿದ ಮೂಳೆ ಅರ್ಧಕ್ಕೆ ಅಲುಗಾಡಿದರೆ ಸೊಟ್ಟಗೆ ಕೂಡಿಕೊಳ್ಳುತ್ತದೆ. ಆಮೇಲೆ ಅಂಗೈ ಪೂರ್ತಿ ತಿರುಗುವುದಿಲ್ಲ. ನೀನು ಮುದ್ದೆ ಕಟ್ಟುವ ಕೈ ಅದು. ದೊಡ್ಡಮ್ಮನಿಗೆ ಮಗಳು ಕಾಲು ಹಿಡಿದು ಕೇಳಿದಳು ಅಂತ ಹೇಳು.

ಮುದ್ದೆ ಅಂದರೆ ನೆನಪಾಯಿತು. ಎಡಗೈಲಿ ಊಟ ಮಾಡಲ್ಲ ಅಂತ ನೀನು ಮುದ್ದೆಯನ್ನೇ ಬಿಟ್ಟಿದ್ದೀಯಂತೆ, ಬನ್ನು ಕಾಫಿಯಲ್ಲಿ ರಾತ್ರಿ ಕಳೆಯುತ್ತಿದ್ದೀಯಂತೆ. ಅಪ್ಪನ ಕಾಗದದಲ್ಲಿ ನನಗೆ ಕಣ್ಣೀರು ಬಂದಿದ್ದು ಆ ಸಾಲಿಗೆ. ಪುಟ್ಟಿ ತುತ್ತು ಮಾಡಿ, ಸಾರಲ್ಲಿ ಅದ್ದಿ ಬಾಯಿಗೆ ಇಡಲಿ. ನೀನು ಅವಳಿಗೆ ಇಟ್ಟಿಲ್ಲವಾ? ನಾಚಿಕೆಯಾದರೆ ರಾಗಿ ಅಂಬಲಿ ಮಾಡಿಸಿಕೋ, ಲೋಟದಲ್ಲಿ ಎಡಗೈಲೇ ಕುಡಿಯಬಹುದು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ. ಮೂಳೆ ಕೂಡುವ ಹೊತ್ತಲ್ಲಿ ರಾಗಿ ಬಿಟ್ಟು ಬನ್ನು ತಿನ್ನುತ್ತಾರಾ?

ಈಗ ಸಂಕ್ರಾಂತಿ ವಿಷಯಕ್ಕೆ ಬರುತ್ತೇನೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿರುವುದು.

"ಪ್ಲಾಸ್ಟರ್ ಬಿಚ್ಚಿದ ಮೇಲೆ ಹಬ್ಬಕ್ಕೆ ಎರಡು ವಾರ ಇರುತ್ತದೆ, ಎಳ್ಳು ಬೆಲ್ಲ ನಾನೇ ಮಾಡ್ತೀನಿ, ಯಾರ ಹಂಗೂ ಬೇಡ" ಅಂದೆಯಂತೆ. ಅಮ್ಮ, ಆರು ವಾರ ಅಲುಗಾಡದ ಕೈ ಬಿಚ್ಚಿದ ದಿನ ಕಟ್ಟಿಗೆ ಹಾಗಿರುತ್ತದೆ. ಅದರಲ್ಲಿ ಅಡಕತ್ತರಿ ಹಿಡಿದು ಎರಡು ಕೆಜಿ ಬೆಲ್ಲ ಕತ್ತರಿಸುವುದು ಆಗದ ಮಾತು. ಜನವರಿ 14ಕ್ಕೆ ಬೀದಿಯವರಿಗೆಲ್ಲ ಎಳ್ಳು ಬೀರಲೇಬೇಕು, ನನಗೂ ಗೊತ್ತು. ನಾನು ಹುಟ್ಟಿದಾಗಿಂದ ಒಂದು ವರ್ಷವೂ ತಪ್ಪಿಲ್ಲ. ಈ ವರ್ಷವೂ ತಪ್ಪುವುದು ಬೇಡ. ನಿನ್ನ ಕೈ ಮಾತ್ರ ಬೇಡ, ಬಾಯಿ ಸಾಕು.

ಹೀಗೆ ಮಾಡಿ. ಬೆಲ್ಲ ಮಂಜಣ್ಣನ ಪಾಲಿಗೆ. ಅಚ್ಚು ಬೆಲ್ಲವೇ ತರಲಿ, ಆಲೆಮನೆಯ ಮೆತ್ತನೆ ಬಕೆಟ್ ಬೆಲ್ಲ ತಂದರೆ ಅಂಟಿಕೊಂಡು ಮುದ್ದೆಯಾಗುತ್ತದೆ. ಹುರಿಗಡಲೆ ಗಾತ್ರಕ್ಕೆ ಕತ್ತರಿಸಬೇಕು, ಅದಕ್ಕಿಂತ ದೊಡ್ಡದಾದರೆ ನೀನು ವಾಪಸ್ ಕೊಡು. ಕೊಬ್ಬರಿ ಭಾಗ್ಯ ಅತ್ತಿಗೆಗೆ. ಮೇಲಿನ ಕಂದು ಸಿಪ್ಪೆ ಪೂರ್ತಿ ಹೆರೆದು ಬೆಳ್ಳಗೆ ಕತ್ತರಿಸಲಿ, ತಿಪಟೂರಿನ ಕೊಬ್ಬರಿ ಸಿಕ್ಕರೆ ಒಳ್ಳೆಯದು. ಕಡಲೆಕಾಯಿ ಬೀಜ ಹುರಿದು ಕೊಟ್ಟರೆ ಅಪ್ಪ ಉಜ್ಜಿ ಮೊರದಲ್ಲಿ ಕೇರುತ್ತಾರೆ. ಹುರಿಗಡಲೆ ಆರಿಸುವುದು ಪುಟ್ಟಿ. ಎಳ್ಳು ಮಾತ್ರ ಯಾರಾದರೂ ನಿನ್ನ ಕಣ್ಣೆದುರು ಹುರಿಯಲಿ, ಚಟಪಟ ಅನ್ನುತ್ತಿದ್ದ ಹಾಗೆ ಇಳಿಸಬೇಕು, ಒಂದು ಕ್ಷಣ ತಡವಾದರೂ ಕಹಿ. ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ ಎಲ್ಲ ಒಂದೊಂದು ಪಾವಾದರೆ ಎಳ್ಳು ಅರ್ಧ ಪಾವು, ಆ ಲೆಕ್ಕದಲ್ಲಿ ಬೆರೆಸಿ. ಬೆಲ್ಲ ಕೊಬ್ಬರಿ ಎರಡು ದಿನ ಮಹಡಿ ಮೇಲೆ ಒಣಗುವಾಗ ಕಾಗೆ ಕಾಯುವ ಕೆಲಸ ನಿನ್ನದು. ಬಿಸಿಲಲ್ಲಿ ಕುರ್ಚಿ ಹಾಕಿಕೊಂಡು ಕೂತುಕೋ. ಆ ಬಿಸಿಲೂ ಮೂಳೆಗೆ ಬೇಕು.

ಇಲ್ಲಿ ಆ ಬಿಸಿಲಿಲ್ಲ. ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಕೊಬ್ಬರಿ ಚೂರನ್ನು ಹೀಟರ್ ಮೇಲೆ ತಟ್ಟೆ ಇಟ್ಟು ಒಣಗಿಸಿದೆ, ಚೆನ್ನಾಗೇ ಒಣಗಿತು! ಬೆಲ್ಲವನ್ನು ನಿನ್ನೆಯೇ ಸುತ್ತಿಗೆಯಲ್ಲಿ ಒಡೆದಿಟ್ಟುಕೊಂಡೆ, ಯಾಕೆ ಅಂದರೆ ಭಾನುವಾರ ಇಲ್ಲಿ ಕುಟ್ಟುವ ಸದ್ದು ಮಾಡುವ ಹಾಗಿಲ್ಲ. ಅಂಗಡಿಗಳೂ ಮುಚ್ಚಿರುತ್ತವೆ. ಊರಿಗೆ ಊರೇ ಮನೆಯಲ್ಲಿ ಕೂರುತ್ತದೆ. ನನಗೆ ಈ ಪದ್ಧತಿ ತುಂಬ ಇಷ್ಟ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಒಂದೊಂದೇ ಮೇಣದಬತ್ತಿ ಹಚ್ಚುತ್ತಾರೆ, ಇವತ್ತು ಎರಡನೆಯದು. ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಒಂದೇ ಮೇಜಿಗೆ ಕೂತು ಬಿಸ್ಕೆಟ್ ಮಾಡುತ್ತಾರೆ. ನಮ್ಮ ಪಡಸಾಲೆಯಲ್ಲಿ ಚಾಪೆ ಹಾಕಿ ಬೆಲ್ಲ ಕತ್ತರಿಸುತ್ತಿದ್ದೆವಲ್ಲ, ಥೇಟ್ ಹಾಗೆ.

ಇವತ್ತು ನಮ್ಮ ಮನೆಯಲ್ಲಿ ಸಕ್ಕರೆ ಅಚ್ಚು ಮಾಡಿದೆವು. ಹಬ್ಬಕ್ಕೆ ಇನ್ನೂ ತಿಂಗಳಿದೆ, ಈಗಲೇ ಯಾಕೆ ಅಂತ ಕೇಳಬೇಡಿ. ನೀನು ಯಾವತ್ತೂ ಅಳತೆ ಹೇಳಿದವಳಲ್ಲ, ಕಣ್ಣಂದಾಜು ಅಂದುಬಿಡುತ್ತೀಯ. ಈ ಸಲ ನೀನು ಒಲೆ ಮುಂದೆ ನಿಲ್ಲುವ ಹಾಗಿಲ್ಲ. ಭಾಗ್ಯ ಅತ್ತಿಗೆಗೆ ಅಳತೆ ಬರೆದು ಕಳಿಸಬೇಕು ಅಂತಲೇ ಮಾಡಿ ನೋಡಿದೆ. ನನ್ನ ಜೊತೆ ಕೆಲಸ ಮಾಡುವ ಹಾಸನದ ಹುಡುಗಿ ಬಂದಿದ್ದಳು, ಕೆಳಗಿನ ಮನೆ ಅಜ್ಜಿಯೂ ಬಂದಿದ್ದರು.

ಅತ್ತಿಗೆ, ಬರೆದುಕೊಳ್ಳಿ. ಮರದ ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಲ್ಲಿ ನೆನೆಸಿ. ಬೆಳಿಗ್ಗೆ ಒರೆಸಿ, ಜೋಡಿ ಸೇರಿಸಿ, ರಬ್ಬರ್ ಬ್ಯಾಂಡ್ ಬಿಗಿಯಾಗಿ ಹಾಕಿ. ಒಂದು ಕೆಜಿ ಸಕ್ಕರೆಗೆ ಅರ್ಧ ಲೀಟರ್ ನೀರು. ಕುದಿ ಬಂದಾಗ ಎರಡು ಚಮಚ ಹಾಲು ಹಾಕಿ, ಕೊಳೆ ಎಲ್ಲ ನೊರೆಯಾಗಿ ಮೇಲೆ ಬರುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ. ಆಮೇಲೆ ಪೂರ್ತಿ ಪಾಕವನ್ನು ಒಟ್ಟಿಗೆ ಕಾಯಿಸಬೇಡಿ. ಎರಡು ಸೌಟು ಮಾತ್ರ ಸಣ್ಣ ಪಾತ್ರೆಗೆ ಹಾಕಿ, ಗಟ್ಟಿ ಗುಳ್ಳೆ ಬರುವ ತನಕ ಕುದಿಸಿ ಇಳಿಸಿ, ಚಮಚದಲ್ಲಿ ಬಿಡದೆ ತಿರುವಿ. ಗಾಜಿನ ಹಾಗಿದ್ದ ಪಾಕ ಇದ್ದಕ್ಕಿದ್ದಂತೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಆ ಕ್ಷಣವೇ ಅಚ್ಚಿಗೆ ಸುರಿಯಬೇಕು. ತಡವಾಗಿ ಪಾತ್ರೆಯಲ್ಲೇ ಗಟ್ಟಿಯಾದರೆ ಒಂದು ಚಮಚ ನೀರು ಹಾಕಿ ಮತ್ತೆ ಕಾಯಿಸಿ, ಏನೂ ಹಾಳಾಗಲ್ಲ. ಹತ್ತು ನಿಮಿಷಕ್ಕೆ ಬಿಚ್ಚಬಹುದು. ಸುರಿಯುವಾಗ ಪುಟ್ಟಿ ದೂರ ಇರಲಿ, ಪಾಕ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಬಿಚ್ಚುವ ಕೆಲಸ ಅವಳಿಗೇ ಕೊಡಿ.

ಅಮ್ಮ, ನಾನು ಹೊರಡುವಾಗ ಸೀರೆ ತುಂಡಲ್ಲಿ ಸುತ್ತಿ ಮೂರು ಅಚ್ಚು ಕೊಟ್ಟಿದ್ದೆಯಲ್ಲ, ಗಿಳಿ, ಬಸವ, ತುಳಸಿಕಟ್ಟೆ. ಗಿಳಿಯ ಕೊಕ್ಕಿನ ತುದಿ ಮುಕ್ಕಾಗಿದೆ. ಅದರಲ್ಲಿ ಬರುವ ಎಲ್ಲ ಗಿಳಿಗೂ ಮೊಂಡು ಕೊಕ್ಕು. ಅನುಗೆ ಅದೇ ಬೇಕು. ಕೆಳಗಿನ ಮನೆ ಅಜ್ಜಿ ಆ ಅಚ್ಚನ್ನು ಕೈಲಿ ಹಿಡಿದು ತುಂಬ ಹೊತ್ತು ತಿರುಗಿಸಿ ನೋಡಿದರು. ಮಾತಾಡದೆ ಕೆಳಗೆ ಹೋಗಿ ತಮ್ಮ ಅಚ್ಚು ತಂದರು! ಪೇರ್ ಮರದಲ್ಲಿ ಕೆತ್ತಿದ ಜಿಂಕೆ, ಅವರ ಅಜ್ಜಿಯದಂತೆ. ಈ ಸೀಮೆಯಲ್ಲಿ ಸ್ಪ್ರಿಂಗರ್ಲೆ ಅಂತ ಬಿಸ್ಕೆಟ್ ಮಾಡುತ್ತಾರೆ. ಮೊಟ್ಟೆ, ಸಕ್ಕರೆ ಪುಡಿ, ಮೈದಾ ಕಲಸಿ ಲಟ್ಟಿಸಿ, ಮೇಲೆ ಅಚ್ಚು ಒತ್ತಿ, ಒಂದು ದಿನ ಹಾಗೇ ಒಣಗಲು ಬಿಟ್ಟು ಬೇಯಿಸುತ್ತಾರೆ. ಒಣಗಿದ ಮೇಲ್ಭಾಗ ಬೆಳ್ಳಗೇ ಇರುತ್ತದೆ, ಚಿತ್ರ ಅಳಿಸುವುದಿಲ್ಲ. ಕೆಳಗಡೆ ಮಾತ್ರ ಉಬ್ಬಿ ಪಾದದ ಹಾಗೆ ನಿಲ್ಲುತ್ತದೆ. ಸೋಂಪಿನಂಥದೇ ಘಮ. ನಮ್ಮ ಬಸವನ ಪಕ್ಕ ಅವರ ಜಿಂಕೆ ಇಟ್ಟೆವು. ಎರಡೂ ಮರ ಒಂದೇ ಥರ ನುಣುಪು, ಅಂಚಲ್ಲಿ ಒಂದೇ ಥರ ಕಪ್ಪು. ಆಗ ನೀನು ಇಲ್ಲಿರಬೇಕಿತ್ತು ಅನ್ನಿಸಿತು.

ಅಪ್ಪ, ನಿಮಗೊಂದು ವಿಷಯ. ಇಲ್ಲಿನ ಸಕ್ಕರೆ ಕಬ್ಬಿನದಲ್ಲ, ಬೀಟ್ ಗೆಡ್ಡೆಯದು. ಬೀಟ್‌ನಲ್ಲಿ ಕಬ್ಬಿನದೇ ಸಕ್ಕರೆ ಇದೆ ಅಂತ 1747ರಲ್ಲಿ ಬರ್ಲಿನ್‌ನ ಮಾರ್ಗ್‌ಗ್ರಾಫ್ ಅನ್ನುವವರು ಕಂಡುಹಿಡಿದರಂತೆ. ಮಂಡ್ಯದ ಹುಡುಗಿ ಬೀಟ್ ಸಕ್ಕರೆಯಲ್ಲಿ ಅಚ್ಚು ಹೊಯ್ದಳು ಅಂತ ಗದ್ದೆ ಕಡೆ ಸಿಕ್ಕವರಿಗೆ ಹೇಳಿ. ಚೆನ್ನಾಗಿ ಕೂತಿತು, ನಮ್ಮದರಷ್ಟೇ ಬೆಳ್ಳಗೆ. ಆದರೆ ನೀವು ಅಚ್ಚು ತಿನ್ನಬೇಡಿ. ಶುಗರ್ ಟೆಸ್ಟ್ ಮಾಡಿಸಿ ಮೂರು ತಿಂಗಳಾಯಿತು ಅಂತ ಮಂಜಣ್ಣ ಹೇಳಿದ.

ಪುಟ್ಟಿಗೆ ಒಂದು ಕೆಲಸ ಕಳಿಸುತ್ತಿದ್ದೇನೆ. ಇಲ್ಲಿ ಮಕ್ಕಳು ಒಣ ಹುಲ್ಲಿನ ಕಡ್ಡಿಯಲ್ಲಿ ನಕ್ಷತ್ರ ಮಾಡುತ್ತಾರೆ. ಕಡ್ಡಿಯನ್ನು ಬಿಸಿ ನೀರಲ್ಲಿ ಅರ್ಧ ಗಂಟೆ ನೆನೆಸಿ, ಸೀಳಿ, ಚಪ್ಪಟೆ ಮಾಡಬೇಕು. ಎರಡನ್ನು ಅಡ್ಡ ಉದ್ದ ಇಟ್ಟು, ಇನ್ನೆರಡನ್ನು ಮೂಲೆಗೆ ಇಟ್ಟು, ನಡುವೆ ಕೆಂಪು ದಾರ ಒಂದರ ಮೇಲೆ ಒಂದರ ಕೆಳಗೆ ಸುತ್ತಿ ಗಂಟು ಹಾಕಿದರೆ ಎಂಟು ಮೂಲೆ ನಕ್ಷತ್ರ. ಅನು ಮಾಡಿದ ಒಂದನ್ನು ಕಾಗದದ ಒಳಗೆ ಇಟ್ಟಿದ್ದೇನೆ. ನಮ್ಮ ಭತ್ತದ ಹುಲ್ಲು ಸ್ವಲ್ಪ ಮೆತ್ತಗೆ, ದಪ್ಪ ಕಡ್ಡಿ ಆರಿಸಿಕೊಳ್ಳಲಿ. ಹಬ್ಬದ ದಿನ ಹಸುವಿನ ಕೊಂಬಿಗೆ ಕಟ್ಟಲಿ. ಕಿಚ್ಚು ಹಾಯಿಸುವ ಮುಂಚೆ ಬಿಚ್ಚಬೇಕು, ನೆನಪಿರಲಿ. ಅಮ್ಮ, ಕಿಚ್ಚು ನೋಡಲು ನೀನು ಜಗಲಿ ಮೇಲೇ ನಿಲ್ಲು. ಆ ನೂಕುನುಗ್ಗಲಿಗೆ ಇಳಿಯಬೇಡ.

ಇನ್ನೊಂದು ಮಾತು ಬಾಕಿ ಇದೆ. ನಿಂತಲ್ಲೇ ಜಾರಿ ಬಿದ್ದು ಮೂಳೆ ಮುರಿಯಿತು ಅಂದರೆ ಮೂಳೆ ಸವೆದಿರಬಹುದು ಅಂತ ಇಲ್ಲಿನ ಡಾಕ್ಟರ್ ಹೇಳಿದರು. ಹೆದರಬೇಡಿ, ಸುಮ್ನೆ ಪರೀಕ್ಷೆ. ಮೂಳೆ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಅಂತ ಇದೆ, ನೋವಿಲ್ಲ, ಸೂಜಿ ಇಲ್ಲ, ಸ್ವಲ್ಪ ಹೊತ್ತು ಮಲಗಿದ್ದರೆ ಆಯಿತು. ಮೈಸೂರಿಗೆ ಕರೆದುಕೊಂಡು ಹೋಗಿ ಮಾಡಿಸಿ. ವಿಟಮಿನ್ ಡಿ ಕೂಡ ನೋಡಲಿ. ಮಂಜಣ್ಣನ ಖಾತೆಗೆ ಶುಕ್ರವಾರವೇ ಹಣ ಹಾಕಿದ್ದೇನೆ. ಅದನ್ನು ಕೊಟ್ಟಿಗೆ ಹೆಂಚಿಗೆ ಖರ್ಚು ಮಾಡಬೇಡಿ, ಹೆಂಚಿಗೆ ಬೇರೆ ಕಳಿಸುತ್ತೇನೆ. ಬಚ್ಚಲ ಹಿಂದಿನ ಪಾಚಿಯನ್ನು ಈ ವಾರವೇ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಹಿಡಿದುಕೊಳ್ಳಲು ಒಂದು ಕಬ್ಬಿಣದ ಪೈಪ್ ನೆಡಿಸಿ.

ನಮ್ಮ ಬಗ್ಗೆ ಯೋಚನೆಯೇ ಬೇಡ. ಚಳಿ ಹೊರಗೆ ಮಾತ್ರ, ಮನೆಯೊಳಗೆ ಬರಿಗಾಲಲ್ಲಿ ಓಡಾಡುತ್ತೇವೆ. ಅನು ಕೆಮ್ಮು ಪೂರ್ತಿ ಹೋಗಿದೆ. ಮೊನ್ನೆ ಇಲ್ಲಿ ಮಕ್ಕಳು ರಾತ್ರಿ ಬಾಗಿಲಲ್ಲಿ ಬೂಟು ಇಡುವ ಹಬ್ಬ, ಬೆಳಿಗ್ಗೆ ಅದರಲ್ಲಿ ಕಿತ್ತಳೆ, ಚಾಕಲೇಟು ಸಿಗುತ್ತದೆ. ತಾತ ಅಜ್ಜಿ ಚಪ್ಪಲಿ ಯಾಕೆ ಇಟ್ಟಿಲ್ಲ ಅಂತ ಅತ್ತಳು. ಇವರ ಕೆಲಸ ಚೆನ್ನಾಗಿ ನಡೆಯುತ್ತಿದೆ, ನನ್ನದೂ ಅಷ್ಟೇ. ಊಟ, ನಿದ್ದೆ ಎಲ್ಲ ಸರಿಯಾಗಿದೆ. ನಿಜವಾಗಿಯೂ ಎಲ್ಲ ಸರಿಯಾಗಿದೆ.

ಒಲೆಯಲ್ಲಿ ಜಿಂಕೆ ಬಿಸ್ಕೆಟ್ ಇದೆ, ಅಜ್ಜಿ ಕೆಳಗಿಂದ ಕರೆಯುತ್ತಿದ್ದಾರೆ. ಮುಂದಿನ ಭಾನುವಾರ ವಿಡಿಯೋದಲ್ಲಿ ಎರಡೂ ಕೈ ತೋರಿಸಬೇಕು.

ನಿಮ್ಮ ಮಗಳು,
ಸುಮ

ಅತ್ತಿಗೆ, ಅಡಕತ್ತರಿಯನ್ನು ಅಮ್ಮನಿಗೆ ಎಟುಕದ ಅಟ್ಟದ ಮೇಲೆ ಇಡಿ.