ಮಗಳ ಕವಿತೆ ಬಗ್ಗೆ ಕೇಳಿದ್ದೆಯಲ್ಲ, ಅದಕ್ಕೆ

ಪ್ರೀತಿಯ ಮಂಜು,

ಮಗಳು ಶಾಲೆಯಲ್ಲಿ ತನ್ನ ಬಣ್ಣದ ಬಗ್ಗೆ, ಮನೆಯವರ ಬಗ್ಗೆ ನಿಂತು ಹೇಳುತ್ತಾಳಂತೆ. 'ಸ್ಪೋಕನ್ ವರ್ಡ್ ಅಂತೆ, ಇದೂ ಕವಿತೆನಾ ಮಾರಾಯ?' ಅಂತ ಬರೆದಿದ್ದೀಯ. ಕವಿತೆಯೇ ಕಣೋ. ಇದರಲ್ಲಿ ದೊಡ್ಡ ಹೆಸರು ಮಾಡಿದವರೊಬ್ಬರು ಬೆಳೆದದ್ದು ನೀನಿರುವ ಲಂಡನ್ನಿನಲ್ಲೇ. ಲಿಂಟನ್ ಕ್ವೆಸಿ ಜಾನ್ಸನ್.

ಹುಟ್ಟಿದ್ದು 1952ರಲ್ಲಿ, ಜಮೈಕಾದಲ್ಲಿ. ಅಮ್ಮ ಮೊದಲು ಇಂಗ್ಲೆಂಡಿಗೆ ಹೋದರು. ಹುಡುಗ ಅಜ್ಜಿ ಜೊತೆ ಉಳಿದ. ಓದು ಬಾರದ ಅಜ್ಜಿಗೆ ಬೈಬಲ್ ಓದಿ ಹೇಳುತ್ತಿದ್ದ. 1963ರಲ್ಲಿ ಲಂಡನ್ನಿನ ಬ್ರಿಕ್ಸ್ಟನ್‌ಗೆ ಬಂದ. ಅವರ ಕವಿತೆಯ ತಾಳ ಜಮೈಕಾದ ರೆಗ್ಗೆ ಸಂಗೀತದ್ದು, ನಿಜ. ನನಗೆ ಮಾತ್ರ ಅಜ್ಜಿ ಎದುರು ಜೋರಾಗಿ ಓದುವ ಆ ಹುಡುಗನೂ ಅದರಲ್ಲಿ ಕೇಳಿಸುತ್ತಾನೆ.

1979ರ ಅವರ ಕವಿತೆ 'ಸನೀಸ್ ಲೆಟಾ' (ಅಂದರೆ ಸನಿಯ ಕಾಗದ) ಕೇಳು. ಬ್ರಿಕ್ಸ್ಟನ್ ಜೈಲಿನಿಂದ ಮಗ ತಾಯಿಗೆ ಬರೆಯುವ ಕಾಗದ ಅದು. ಶುರುವಿನಲ್ಲಿ ಥೇಟ್ ನಮ್ಮ ಉಭಯ ಕುಶಲೋಪರಿ: ನೀನು ಆರೋಗ್ಯವಾಗಿದ್ದೀಯ ಅಂದುಕೊಂಡಿದ್ದೇನೆ ಅಮ್ಮಾ ಅನ್ನುವ ಥರ. ಆಮೇಲೆ ಮಾತು ತಡವರಿಸುತ್ತದೆ. ತಮ್ಮ ಜಿಮ್‌ನನ್ನು ನೋಡಿಕೊಳ್ಳುತ್ತೇನೆ ಅಂತ ಮಾತು ಕೊಟ್ಟಿದ್ದ, ಆಗಲಿಲ್ಲ. ಇಬ್ಬರೂ ಬಸ್ಸಿಗೆ ಕಾಯುತ್ತಿದ್ದರು. ಪೊಲೀಸ್ ವ್ಯಾನ್ ಬಂತು. ಮೂವರು ಇಳಿದರು, ಜಿಮ್‌ನನ್ನು ಹಿಡಿದು ಹೊಡೆದರು. ಅಣ್ಣನಿಗೆ ನೋಡಿಕೊಂಡು ಸುಮ್ನೆ ನಿಲ್ಲಲಾಗಲಿಲ್ಲ. ಅವನು ತಿರುಗಿಬಿದ್ದಾಗ ಒಬ್ಬ ಪೊಲೀಸ್ ಸತ್ತ. ತಮ್ಮನ ಮೇಲೆ 'ಸಸ್', ಅಣ್ಣನ ಮೇಲೆ ಕೊಲೆ ಕೇಸು.

'ಸಸ್' ಅಂತ ಕರೆಯುತ್ತಿದ್ದದ್ದು 1824ರ ಅಲೆಮಾರಿ ಕಾಯ್ದೆಯ ಒಂದು ಕಲಮನ್ನು. ಅಪರಾಧ ನಡೆದಿರಬೇಕಿಲ್ಲ, ಪೊಲೀಸರಿಗೆ ಅನುಮಾನ ಬಂದರೆ ಸಾಕು. ಕಪ್ಪು ಹುಡುಗರ ಮೇಲೇ ಅದರ ಏಟು ಜಾಸ್ತಿ ಬೀಳುತ್ತಿತ್ತು. 1981ರ ಏಪ್ರಿಲ್‌ನಲ್ಲಿ ಪೊಲೀಸರ ವಿರುದ್ಧ ಗಲಭೆ ಎದ್ದು ಬ್ರಿಕ್ಸ್ಟನ್ ಹೊತ್ತಿ ಉರಿಯಿತು. ಅದೇ ವರ್ಷ ಆ ಕಲಮನ್ನು ತೆಗೆದುಹಾಕಿದರು.

ಇಷ್ಟೆಲ್ಲ ಇದ್ದರೂ ಕವಿತೆಯಲ್ಲಿ 'ನಾನು ಕಪ್ಪು ಮನುಷ್ಯ, ನನಗೆ ಅನ್ಯಾಯ' ಅನ್ನುವ ಭಾಷಣ ಇಲ್ಲ. ಅಮ್ಮನಿಗೆ ಹೇಗೆ ಹೇಳಲಿ ಅನ್ನುವ ಸಂಕಟ ಇದೆ, ಅಷ್ಟೇ. ಕೊನೆಗೆ ಜೈಲಿನಲ್ಲಿ ಕೂತವನೇ ಅಮ್ಮನಿಗೆ ಧೈರ್ಯ ಹೇಳುತ್ತಾನೆ. ನನಗೆ ಪ್ರತಿ ಸಲ ಹೊಟ್ಟೆಯಲ್ಲಿ ಸಂಕಟ ಆಗುವುದು ಅಲ್ಲಿ. ಈಗಿನವರು ಕೆಲವರು ವೇದಿಕೆ ಮೇಲೆ ಕೈ ಬೀಸಿ ಗಂಟಲು ಹರಿದುಕೊಳ್ಳುತ್ತಾರಲ್ಲ, ಅದು ನನಗೆ ಅಷ್ಟು ಹಿಡಿಸುವುದಿಲ್ಲ. ಜಾನ್ಸನ್ ಹ್ಯಾಟು ಹಾಕಿಕೊಂಡು ಅಲುಗಾಡದೆ ನಿಂತು ಹೇಳುತ್ತಾರೆ.

ಹೇಳುವುದು ಜಮೈಕಾದ ಆಡುಮಾತಿನಲ್ಲಿ, ಬರೆಯುವುದೂ ಹಾಗೆಯೇ. (2002ರಲ್ಲಿ ಪೆಂಗ್ವಿನ್ ತನ್ನ ಆಧುನಿಕ ಕ್ಲಾಸಿಕ್ಸ್ ಮಾಲೆಗೆ ಅದನ್ನೇ ಸೇರಿಸಿಕೊಂಡಿತು!) ನಿನಗೆ ಸಿದ್ಧಲಿಂಗಯ್ಯ ನೆನಪಾಗಿರಬೇಕು, ಅಲ್ವಾ? ನನಗೂ ಅಷ್ಟೇ. ನಂಟೂ ಇದೆ. ಜಾನ್ಸನ್ ಹುಡುಗನಾಗಿದ್ದಾಗಲೇ ಕಪ್ಪು ಜನರ ಹಕ್ಕಿಗೆ ಹೋರಾಡುತ್ತಿದ್ದ ಬ್ರಿಟನ್ನಿನ ಬ್ಲ್ಯಾಕ್ ಪ್ಯಾಂಥರ್ಸ್ ಸೇರಿದ್ದರು. ಅಮೆರಿಕದ ಪ್ಯಾಂಥರ್ಸ್ ಹೆಸರನ್ನೇ 1972ರಲ್ಲಿ ಮುಂಬೈಯ ದಲಿತ ಹುಡುಗರೂ ತಮ್ಮ 'ದಲಿತ ಪ್ಯಾಂಥರ್ಸ್'ಗೆ ಇಟ್ಟುಕೊಂಡರು. 1975ರಲ್ಲಿ ನಮ್ಮಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು.

ಈಗ ಮಗಳ ವಿಷಯ. ನೀನು ಕಳಿಸಿದ ಸಾಲುಗಳಲ್ಲಿ 'ನಾನು ಯಾರು' ಅನ್ನುವುದು ಜಾಸ್ತಿಯಾಯಿತು. ಅದನ್ನು ಇಡೀ ಸಭೆಗೆ ಹೇಳುವ ಬದಲು ಹಾಸನದಲ್ಲಿರುವ ಅಜ್ಜಿಗೆ ಹೇಳಲಿ. ಕ್ಲಾಸಿನಲ್ಲಿ ಅವಳ ಕೈಬಣ್ಣ ನೋಡಿ ಯಾರೋ ಏನೋ ಅಂದರು ಅಂತ ಬರೆದಿದ್ದೀಯಲ್ಲ, ಆ ಮಾತನ್ನು ಅಜ್ಜಿಗೆ ಹೇಗೆ ಹೇಳುತ್ತಾಳೆ ನೋಡೋಣ. ಮನೆಯಲ್ಲಿ ಆಡುವ ಅರ್ಧ ಕನ್ನಡ ಅರ್ಧ ಇಂಗ್ಲಿಷೇ ಇರಲಿ. ಆಡಿಯೊ ಮಾಡಿ ವಾಟ್ಸಾಪ್‌ನಲ್ಲಿ ನನಗೂ ಕಳಿಸು. ಮಧ್ಯೆ ನೀನು ತಿದ್ದೋಕೆ ಹೋಗಬೇಡ.

ನಿನ್ನ,
ಸುರೇಶ