ಭಾನುವಾರ ರಸಾಯನ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರ ಕೆಲಸದ ಬಗ್ಗೆ ಮಾತು

ಎಲ್ಲರಿಗೂ ನಮಸ್ಕಾರ್ರಿ. ಭಾನುವಾರ ಬೆಳಿಗ್ಗೆ 10ಕ್ಕೆ ಧಾರವಾಡದ ಸಾಧನಕೇರಿಯಲ್ಲಿ, ಎಂದಿನ ಜಾಗದಲ್ಲೇ ಸೇರೋಣ. ಪಿಯುಸಿ ವಿಜ್ಞಾನ ಓದುವ ಮಕ್ಕಳನ್ನೂ ಕರೆದುಕೊಂಡು ಬನ್ನಿ.

ಮಾತಾಡುವವರಿಗೆ ಒಂದು ಕೋರಿಕೆ. ಪ್ರಶಸ್ತಿಗಳ ಪಟ್ಟಿ ಓದಬೇಡಿ. 2014ರಲ್ಲಿ ರಾವ್ ಅವರಿಗೆ ಭಾರತ ರತ್ನ ಬಂದದ್ದು ಮಕ್ಕಳಿಗೆ ಗೊತ್ತು. ಯಾವ ಕೆಲಸಕ್ಕೆ ಅಂತ ಕೇಳಿದರೆ ಸುಮ್ನೆ ನಿಲ್ಲುತ್ತಾರೆ. ಅದನ್ನು ಹೇಳೋಣ.

ವೆನೇಡಿಯಂ ಡೈಆಕ್ಸೈಡ್ ತೆಗೆದುಕೊಳ್ಳಿ. ಸುಮಾರು 68 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಾಕು, ಕರೆಂಟನ್ನು ಅಷ್ಟಾಗಿ ಹರಿಯಬಿಡದ ವಸ್ತು ಲೋಹದ ಹಾಗೆ ವರ್ತಿಸುತ್ತದೆ. ಕರಗುವುದಿಲ್ಲ, ಉರಿಯುವುದಿಲ್ಲ. ಒಳಗಿನ ಪರಮಾಣುಗಳು ತುಸು ಸರಿದು ಕೂರುತ್ತವೆ. ಎಂಥ ಸೋಜಿಗ ಅಲ್ವಾ? ರಾವ್ ಅವರು ಇಂಥ ಆಕ್ಸೈಡುಗಳ ಬೆನ್ನು ಹತ್ತಿದವರು. ಲ್ಯಾಂಥನಮ್ ಕಾಪರ್ ಆಕ್ಸೈಡಿನ ಮೇಲೂ ಅವರ ತಂಡ ಮೊದಲೇ ಕೆಲಸ ಮಾಡಿತ್ತು. 1986ರಲ್ಲಿ ಬೆಡ್ನಾರ್ಜ್ ಮತ್ತು ಮುಲ್ಲರ್ ಎಂಬ ವಿಜ್ಞಾನಿಗಳು, ಕರೆಂಟನ್ನು ತಡೆಯೇ ಇಲ್ಲದೆ ಹರಿಯಬಿಡುವ ಹೊಸ ಬಗೆಯ ಸೂಪರ್‌ಕಂಡಕ್ಟರ್ ಕಂಡದ್ದು ಬೇರಿಯಂ ಸೇರಿದ ಅದೇ ಜಾತಿಯ ವಸ್ತುವಿನಲ್ಲಿ. ನನಗಂತೂ ಈ ಭಾಗವೇ ಎಲ್ಲಕ್ಕಿಂತ ಇಷ್ಟ. ಇದಕ್ಕೆ ಜಾಸ್ತಿ ಸಮಯ ಕೊಡಿ.

ಕಾನ್ಪುರ ಐಐಟಿ, 1976ರಲ್ಲಿ ಮತ್ತೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, 1989ರಲ್ಲಿ ಶುರುವಾದ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರ, ರಾವ್ ಅವರು ಕೆಲಸ ಮಾಡಿದ ಈ ಜಾಗಗಳನ್ನು ಎರಡು ಮಾತಲ್ಲಿ ಮುಗಿಸಬಹುದು. ಅವರ ಸಂಶೋಧನಾ ಪ್ರಬಂಧಗಳು 1,500ಕ್ಕೂ ಜಾಸ್ತಿ. ಅವರ ಕೈಯಲ್ಲಿ ಕಲಿತವರು ಆಮೇಲೆ ತಮ್ಮದೇ ಲ್ಯಾಬ್ ಕಟ್ಟಿದ್ದನ್ನು ಮರೆಯದೆ ಹೇಳಿ.

ಹುಬ್ಬಳ್ಳಿಯಿಂದ ಬರುವವರು ಶನಿವಾರ ಸಂಜೆಯೊಳಗೆ ಹೆಸರು ಹಾಕಿ. ಚಹಾ, ಗಿರ್ಮಿಟ್ ಇರುತ್ತದೆ.