ತೆನೆರೆಯ ಉಪ್ಪು, ಒಂದು ಜಾಲಿ ಮರ

ಗೆಳೆಯಾ,

ಮೊನ್ನೆ ಫೋನಿನಲ್ಲಿ ನೈಜರ್ ದೇಶದ ಅಗಾದೆಜ್ ಪ್ರಾಂತ್ಯ ಅಂದ ಕೂಡಲೇ "ಯುರೇನಿಯಂ ಸಿಗುತ್ತಲ್ಲ, ಅದೇ ತಾನೆ?" ಅಂದೆ ನೀನು. ಅದೇ. ಗಣಿಗಳಿರುವ ಅರ್ಲಿತ್ ಊರು ಅಲ್ಲೇ ಇದೆ, 1971ರಿಂದ ಅಗೆಯುತ್ತಿದ್ದಾರೆ. ಆದರೆ ನನಗೆ ಹೇಳಬೇಕಿದ್ದಿದ್ದು ಉಪ್ಪಿನ ವಿಚಾರ. ಮಾತು ಬೇರೆಲ್ಲೋ ಹೋಯಿತು, ಅದಕ್ಕೇ ಈ ಕಾಗದ.

ಸುಮ್ನೆ ಒಂದು ಸಲ ನಕ್ಷೆ ತೆಗೆದು ನೋಡು. ದೇಶದ ಅರ್ಧಕ್ಕಿಂತ ಜಾಸ್ತಿ ಜಾಗ ಈ ಒಂದೇ ಪ್ರಾಂತ್ಯ. ನಡುವೆ ಅಯಿರ್ ಬೆಟ್ಟಗಳು, ಅದರ ಪೂರ್ವಕ್ಕೆ ತೆನೆರೆ ಮರಳುಗಾಡು, ಅದನ್ನು ದಾಟಿದರೆ ಬಿಲ್ಮಾ ಅನ್ನೋ ಊರು. ಬಿಲ್ಮಾದಲ್ಲಿ ಗುಂಡಿ ತೋಡುತ್ತಾರೆ. ಉಪ್ಪುನೀರು ಬಿಸಿಲಿಗೆ ಒಣಗಿ ಮೇಲೆ ಹೆಪ್ಪುಗಟ್ಟುತ್ತದೆ, ಅದನ್ನು ಒಡೆದು ತೆಗೆದು, ಮರದ ಬೊಡ್ಡೆ ಕೊರೆದು ಮಾಡಿದ ಅಚ್ಚಿಗೆ ಗಿಡಿದು ತುಂಬಿ ಬೋರಲು ಹಾಕಿದರೆ ಎತ್ತರದ ಉಪ್ಪಿನ ಗಟ್ಟಿ ನಿಲ್ಲುತ್ತದೆ. ಅದಕ್ಕೆ ಕಂಟು ಅಂತ ಹೆಸರು. ದನಕರು, ಒಂಟೆಗಳಿಗೆ ಕೊಡುವ ಉಪ್ಪು ಅದು.

ಅದನ್ನು ಒಯ್ಯಲು ಅಯಿರ್ ಕಡೆಯ ತುವಾರೆಗ್ ಜನ ಒಂಟೆಗಳನ್ನು ಸಾಲಾಗಿ ಕಟ್ಟಿಕೊಂಡು ಬರುತ್ತಾರೆ. ನಾನು ಓದುತ್ತಾ ಓದುತ್ತಾ ನಿಂತುಬಿಟ್ಟಿದ್ದು ಇಲ್ಲಿ: ದಾರಿಯಲ್ಲಿ ಮೇವಿಲ್ಲ, ಹಾಗಾಗಿ ಒಂಟೆ ತಿನ್ನುವ ಹುಲ್ಲನ್ನೂ ಒಂಟೆಯ ಬೆನ್ನಿಗೇ ಹೇರಬೇಕು, ವಾಪಸು ಬರುವಾಗ ಬೆನ್ನ ಮೇಲೆ ಉಪ್ಪಿರುತ್ತದಲ್ಲ, ಅದಕ್ಕೆ ಹೋಗುವಾಗಲೇ ಸ್ವಲ್ಪ ಸ್ವಲ್ಪ ಹುಲ್ಲನ್ನು ದಾರಿಯಲ್ಲಿ ಇಳಿಸಿ ಹೋಗುತ್ತಾರೆ. ಎಂಥ ಲೆಕ್ಕಾಚಾರ ಅಲ್ವಾ! ಆಮೇಲೆ ದಕ್ಷಿಣದ ಹೌಸಾ ಜನರ ಸಂತೆಗಳಿಗೆ ಹೋಗಿ ಉಪ್ಪು ಮಾರಿ ಸಜ್ಜೆ ತರುತ್ತಾರೆ. ಈಗ ಹೆಚ್ಚಿನ ಸರಕು ಲಾರಿಯಲ್ಲೇ ಹೋಗುತ್ತದೆ.

ಲಾರಿ ಅಂದಾಗ ಆ ಮರದ ಕಥೆ ಹೇಳದೆ ಇರಲಾರೆ. ಇದೇ ದಾರಿಯಲ್ಲಿ ಒಂದು ಜಾಲಿ ಮರ ಇತ್ತು. ಸುತ್ತ ನೂರಾರು ಮೈಲಿ ಬೇರೆ ಮರವೇ ಇಲ್ಲದ್ದರಿಂದ ನಕ್ಷೆಯಲ್ಲೂ ಅದನ್ನು ಗುರುತು ಮಾಡಿದ್ದರು. 1938ರ ಹೊತ್ತಿಗೆ ಪಕ್ಕದಲ್ಲಿ ಬಾವಿ ತೋಡಿದಾಗ ನೀರು ಸಿಕ್ಕಿದ್ದು 30 ಮೀಟರಿಗಿಂತ ಆಳದಲ್ಲಿ, ಮರದ ಬೇರು ಅಲ್ಲಿತನಕ ಇಳಿದಿತ್ತು. 1973ರಲ್ಲಿ ಒಂದು ಲಾರಿ ಗುದ್ದಿ ಅದನ್ನು ಕೆಡವಿತು. ಅಷ್ಟು ದೊಡ್ಡ ಬಯಲಿನಲ್ಲಿ, ಇದ್ದ ಒಂದೇ ಮರಕ್ಕೆ! ಅದರ ಒಣ ಕಾಂಡ ರಾಜಧಾನಿ ನಿಯಾಮೆಯ ಮ್ಯೂಸಿಯಂನಲ್ಲಿದೆ. ಮರ ಇದ್ದ ಜಾಗದಲ್ಲಿ ಲೋಹದ ಕಂಬವೊಂದನ್ನು ಮರದ ಹಾಗೆ ಮಾಡಿ ನಿಲ್ಲಿಸಿದರು.

ನಿನ್ನ ಶಾಲೆಯ ಗೋಡೆ ನಕ್ಷೆಯಲ್ಲಿ ಬಿಲ್ಮಾ ಇದೆಯಾ ನೋಡಿ ಹೇಳು. ಇಲ್ಲದಿದ್ದರೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡು.

ನಿನ್ನವ